ಗಾಡಿಯ ಪಾರ್ಟ್ ಬಿಚ್ಚಿ ಹಾಕುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುವವರಿಗೆ ದಿನಾ ಬರುವ ಪ್ರಶ್ನೆ ಎರಡು: ‘ಎಷ್ಟಾಗುತ್ತೆ?’, ‘ಸಂಜೆಗೆ ಸಿಗುತ್ತಾ?’ ಗಾಡಿ ನೋಡದೆ ಅವಕ್ಕೆ ಉತ್ತರ ಹೇಳೋಕೆ ಆಗಲ್ಲ. ಉಳಿದ ಪ್ರಶ್ನೆಗಳಿಗೆ ಇಲ್ಲಿ ಹೇಳಿದ್ದೇವೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಲ್ಲಿ ಓಡುವ ಗಾಡಿ, ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಗಾಡಿ, ಗಂಗಾವತಿಯ ಗದ್ದೆ ದಾರಿಯ ಕೆಸರು ತುಳಿಯುವ ಗಾಡಿ, ಎಲ್ಲವೂ ಈ ಉತ್ತರಗಳ ಹಿಂದೆ ಇವೆ.

ಒಂದು ಪಾರ್ಟ್ ಹೋಗಿದೆ ಅಂದರೆ ನಾಲ್ಕು ಹಾಕಿಸಿ ಅಂತೀರಿ. ಇದು ದುಡ್ಡು ಕೀಳುವ ದಾರಿ ಅಲ್ವಾ?

ಕೆಲವು ಕಡೆ ಹಾಗೂ ನಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೆಲವು ಕೆಲಸದಲ್ಲಿ ನಾಲ್ಕು ಹಾಕಿಸುವುದೇ ಅಗ್ಗ. ಯಾವುದು ಯಾವುದು ಅಂತ ತಿಳಿಯಬೇಕೆಂದರೆ ಮೆಕ್ಯಾನಿಕ್‌ಗೆ ಇಷ್ಟು ಕೇಳಿ: ‘ಇದೊಂದು ಉಳಿಸಿ, ನಾಳೆ ಅದು ಹೋದರೆ, ಇದೇ ಜಾಗ ಮತ್ತೆ ಬಿಚ್ಚಬೇಕಾ?’

ಕ್ಲಚ್ ವಿಷಯ ನೋಡಿ. ಕ್ಲಚ್ ಪ್ಲೇಟ್ ಕೈಗೆ ಸಿಗಬೇಕೆಂದರೆ ಗೇರ್‌ಬಾಕ್ಸ್ ಕೆಳಗೆ ಇಳಿಯಬೇಕು. ಈಗಿನ ಸಣ್ಣ ಕಾರುಗಳಲ್ಲಿ ಅದಕ್ಕೂ ಮೊದಲು ಗೇರ್ ಆಯಿಲ್ ಇಳಿಸಿ, ಎರಡೂ ಕಡೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಳೆದು, ಎಂಜಿನ್ ಹಿಡಿದಿಡುವ ರಬ್ಬರ್ ಆಸರೆ, ಅಂದರೆ ಮೌಂಟಿಂಗ್ ಬಿಚ್ಚಬೇಕು. ಇಷ್ಟೆಲ್ಲ ಮಾಡಿ ಪ್ಲೇಟ್ ಒಂದನ್ನೇ ಹಾಕಿ ಮುಚ್ಚಿದರೆ, ಸ್ವಲ್ಪ ದಿನಕ್ಕೆ ಹಳೆಯ ರಿಲೀಸ್ ಬೇರಿಂಗ್ (ಕ್ಲಚ್ ಒತ್ತಿದಾಗ ಪ್ಲೇಟ್ ಬಿಡಿಸುವ ಬೇರಿಂಗ್) ಗರಗರ ಅನ್ನುತ್ತದೆ. ಆಗ ಮತ್ತೆ ಅಷ್ಟೇ ಮಜೂರಿ. ಅದಕ್ಕೇ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ಟಾಗಿ ಮಾರುತ್ತಾರೆ. ಗೇರ್‌ಬಾಕ್ಸ್ ಇಳಿದಾಗಲೇ ಎಂಜಿನ್ ತಿರುಗಿಸುವ ಮುಖ್ಯ ಶಾಫ್ಟು, ಅಂದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹತ್ತಿರ ಬೆರಳಾಡಿಸಿ ನೋಡಬೇಕು. ಬೆರಳಿಗೆ ಆಯಿಲ್ ಹತ್ತಿದರೆ ಸೀಲ್ ಕೂಡ ಹಾಕಿಸಿ. ಇಲ್ಲದಿದ್ದರೆ ಹೊಸ ಪ್ಲೇಟಿನ ಮೇಲೆ ಆಯಿಲ್ ಬಿದ್ದು ಅದೂ ಜಾರಲು ಶುರು ಮಾಡುತ್ತದೆ.

ಇದೇ ಲೆಕ್ಕ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಹೇಳಿದರೆ ಒಪ್ಪಬೇಡಿ. ಎಷ್ಟೋ ಸಲ ಕಾರ್ಬನ್ ಬ್ರಷ್ ಅಥವಾ ಬೇರಿಂಗ್ ಸವೆದಿರುತ್ತದೆ, ಅಷ್ಟೇ. ಅದನ್ನು ಬದಲಿಸಿದರೆ ಸಾಕು. ಇಡೀ ಆಲ್ಟರ್ನೇಟರ್ ಹೊಸದು ಹಾಕಬೇಕೆನ್ನುವವರು ಬಿಚ್ಚಿ ನೋಡುವ ಶ್ರಮ ತಪ್ಪಿಸಿಕೊಳ್ಳುತ್ತಿದ್ದಾರೆ.

ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕ್ ಪ್ಯಾಡ್ ಮಾತ್ರ ಯಾವಾಗಲೂ ಜೋಡಿ. ಎಡಕ್ಕೊಂದು ಹೊಸದು, ಬಲಕ್ಕೊಂದು ಹಳೆಯದು ಇದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಕ್ಲಚ್ ಹೋಗಿದೆ ಅಂತ ಬಿಚ್ಚುವ ಮೊದಲೇ ಹೇಗೆ ಗೊತ್ತಾಗುತ್ತೆ?

ಖಾಲಿ ರಸ್ತೆಯಲ್ಲಿ, ಏರು ಇದ್ದರೆ ಇನ್ನೂ ಒಳ್ಳೆಯದು, ನಿಧಾನ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿ. ಎಂಜಿನ್ ಸದ್ದು ಏರಿ, ಆರ್‌ಪಿಎಂ ಮುಳ್ಳು ಹಾರಿ, ಗಾಡಿಯ ವೇಗ ಮಾತ್ರ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆ ಬಂದರೆ ಅನುಮಾನವೇ ಬೇಡ.

ಗೇರ್ ಬೀಳುತ್ತಿಲ್ಲ ಅನ್ನುವುದು ಬೇರೆ ಕಾಯಿಲೆ. ಕೇಬಲ್ ಕ್ಲಚ್ ಆದರೆ ಮೊದಲು ಕೇಬಲ್ ಅಡ್ಜಸ್ಟ್ ಮಾಡಿ ನೋಡಿ. ಹೈಡ್ರಾಲಿಕ್ ಆದರೆ ಆಯಿಲ್ ಡಬ್ಬಿ ನೋಡಿ, ಸಿಲಿಂಡರ್ ಸೋರುತ್ತಿರಬಹುದು. ಗಾಡಿ ನಿಂತಲ್ಲಿಂದ ಹೊರಡುವಾಗ ಗಡಗಡ ನಡುಗುವುದಕ್ಕೆ ಕೆಲವೊಮ್ಮೆ ಎಂಜಿನ್ ಮೌಂಟಿಂಗ್ ಹರಿದಿದ್ದೂ ಕಾರಣ. ಮೌಂಟಿಂಗ್ ಬದಲಿಸುವುದು ಸಣ್ಣ ಕೆಲಸ. ಇವನ್ನೆಲ್ಲ ನೋಡದೆ ಗೇರ್‌ಬಾಕ್ಸಿಗೆ ಪಾನಾ ಹಾಕುವವರಿಂದ ದೂರ ಇರಿ.

ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟ್ ವಾಲ್ವ್ ಬೇಡ, ತೆಗೆದು ಎಸೆಯಿರಿ ಅಂದರು. ತೆಗೆಸಲಾ?

ತೆಗೆಸಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಈ ಮಾತನ್ನು ಜನ ಬೇಗ ನಂಬುತ್ತಾರೆ. ರಾಯಚೂರಿನಿಂದ ಬರುವ ಹಳೆಯ ಗಾಡಿಗಳಲ್ಲಿ ಹೌಸಿಂಗ್ ಬಿಚ್ಚಿದರೆ ಒಳಗೆ ವಾಲ್ವೇ ಇರುವುದಿಲ್ಲ, ಬರೀ ಖಾಲಿ ಜಾಗ.

ಎಂಜಿನ್‌ಗೆ ನಮ್ಮ 40 ಡಿಗ್ರಿ ಅಂದರೆ ತಂಪೇ. ಅದು ಸರಿಯಾಗಿ ಓಡಲು ಒಳಗೆ ಸುತ್ತಿ ಬಿಸಿ ಹೀರುವ ದ್ರವ, ಅಂದರೆ ಕೂಲಂಟ್, ಸುಮಾರು 90 ಡಿಗ್ರಿ ಹತ್ತಿರ ಇರಬೇಕು. ಅಷ್ಟು ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಥರ್ಮೋಸ್ಟ್ಯಾಟ್ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ.

ತಮಾಷೆ ಅಂದರೆ, ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತೆಗೆದರೆ ಬಿಸಿ ಇನ್ನೂ ಜಾಸ್ತಿ ಆಗುತ್ತದೆ. ಆ ವಾಲ್ವಿಗೆ ಎರಡು ಕೆಲಸ. ರೇಡಿಯೇಟರ್ ದಾರಿ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲ ಅಂದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಅರ್ಧ ಕೂಲಂಟ್ ರೇಡಿಯೇಟರ್ ಮುಖ ನೋಡದೆ ಎಂಜಿನ್ ಒಳಗೇ ಸುತ್ತುತ್ತದೆ.

ವಾಲ್ವ್ ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡುವುದು ಸುಲಭ. ಬಿಚ್ಚಿ, ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿ. ವಾಲ್ವಿನ ಮೇಲೆ 82 ಅಥವಾ 88 ಅಂತ ಒಂದು ಸಂಖ್ಯೆ ಒತ್ತಿರುತ್ತಾರೆ. ನೀರು ಆ ಡಿಗ್ರಿ ಮುಟ್ಟಿದಾಗ ಒಳಗಿನ ಮೇಣ ಹಿಗ್ಗಿ ಬಾಯಿ ನಿಧಾನಕ್ಕೆ ತೆರೆಯಬೇಕು, ತಣ್ಣಗಾದರೆ ಮುಚ್ಚಬೇಕು. ನೀರು ಕುದ್ದರೂ ತೆರೆಯದಿದ್ದರೆ ಹೊಸದು ಹಾಕಿ. ರಬ್ಬರ್ ರಿಂಗ್ ಕೂಡ ಹೊಸದೇ ಹಾಕಿ.

ಗಾಡಿ ಬಿಸಿಯಾಗಲು ನಿಜವಾದ ಕಾರಣ ಎಷ್ಟೋ ಸಲ ಬಾನೆಟ್ ಮುಂದೆಯೇ ಇರುತ್ತದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ತೋರಣಗಲ್ಲು ಕಡೆಯ ಗಾಡಿಯಾದರೆ ಕೆಂಪು ಧೂಳು, ಅಕ್ಕಿ ಗಿರಣಿ ಕಡೆಯದಾದರೆ ಹೊಟ್ಟು, ಹತ್ತಿ ಸೀಸನ್‌ನಲ್ಲಿ ರಾಯಚೂರಿನದಾದರೆ ಅರಳೆಯ ಎಳೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಜಾಲರಿ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಇದಾದ ಮೇಲೆ ಫ್ಯಾನ್ ಮೋಟಾರ್ ಮತ್ತು ರಿಲೇ. ವಾಲ್ವ್ ಅನುಮಾನ ಅದರ ನಂತರ.

ರೇಡಿಯೇಟರ್‌ಗೆ ಬೋರ್ ನೀರು ಹಾಕಬಹುದಾ?

ನಡುದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಹಾಕಿ, ಊರಿಗೆ ಬಂದು ತೆಗೆಸಿ. ನಮ್ಮ ಬೋರ್ ನೀರು ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ನಾಳದಲ್ಲೂ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ, ಇಲ್ಲವೇ ಬೆರೆಸಿಯೇ ಮಾರುವ ಕೂಲಂಟ್ ತನ್ನಿ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಎಂದೂ ತಿರುಗಿಸಬೇಡಿ.

ಬೋಲ್ಟ್ ಜಾಮ್ ಆಗಿದೆ, ತಲೆ ಮುರಿಯುವ ಭಯ. ಏನು ಮಾಡಲಿ?

ನಮ್ಮದು ಒಣ ಊರು. ಮಂಗಳೂರು, ಕಾರವಾರದ ಗಾಡಿಗಳ ಹಾಗೆ ಇಲ್ಲಿ ತುಕ್ಕು ತಿನ್ನುವುದಿಲ್ಲ. ಇಲ್ಲಿನ ಕಾಟ ಬೇರೆ. ಸೋರಿದ ಆಯಿಲ್ ಮೇಲೆ ಧೂಳು ಕೂತು, ಬಿಸಿಗೆ ಬೆಂದು, ಗಟ್ಟಿಯಾದ ಕರಿ ಪದರ. ಪಾನಾ ಪೂರ್ತಿ ಕೂರುವುದೇ ಇಲ್ಲ. ಅರ್ಧ ಕೂತ ಪಾನಾ ತಿರುಗಿಸಿದರೆ ಬೋಲ್ಟ್ ತಲೆ ಉರುಟಾಗುತ್ತದೆ.

ಹಾಗಾಗಿ ಮೊದಲ ಕೆಲಸ ತಂತಿ ಬ್ರಷ್. ಬೋಲ್ಟಿನ ಆರೂ ಮುಖ ಕಾಣುವ ತನಕ ಉಜ್ಜಿ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಐದು ನಿಮಿಷವಲ್ಲ, ಆಗುವುದಾದರೆ ರಾತ್ರಿಯಿಡೀ. ಬೆಳಿಗ್ಗೆ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಎರಡು ಏಟು. ಆ ಅದುರಿಗೆ ಥ್ರೆಡ್ ಒಳಗಿನ ಹಿಡಿತ ಬಿಡುತ್ತದೆ. ಪಾನಾ ಆರು ಮೂಲೆಯದು ಇರಲಿ. ಹನ್ನೆರಡು ಮೂಲೆಯ ರಿಂಗ್ ಪಾನಾ ಬೇಗ ಜಾರುತ್ತದೆ. ಕಾಲು ಸುತ್ತು ಬಿಚ್ಚಿಕೊಂಡರೆ ಸಂತೋಷಕ್ಕೆ ಪೂರ್ತಿ ತಿರುಗಿಸಬೇಡಿ. ಸ್ವಲ್ಪ ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು.

ಬಿಸಿ ಮಾಡುವುದು ಕೊನೆಯ ದಾರಿ. ಪೆಟ್ರೋಲ್ ಪೈಪ್, ಬ್ರೇಕ್ ಹೋಸ್, ರಬ್ಬರ್ ಬುಷ್ ಹತ್ತಿರ ಗ್ಯಾಸ್ ಜ್ವಾಲೆ ಹಿಡಿಯುವ ಕೆಲಸ ಮನೆಯಲ್ಲಿ ಬೇಡ. ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್‌ನಲ್ಲಿ ಬೋಲ್ಟ್ ಮುರಿದರೆ ಅಲ್ಲಿಗೇ ನಿಲ್ಲಿಸಿ. ಒಳ್ಳೆಯ ಲೇತ್‌ನವರು ಅದನ್ನು ನೇರವಾಗಿ ಕೊರೆದು, ಥ್ರೆಡ್ ಇನ್ಸರ್ಟ್ ಕೂರಿಸಿ ಕೊಡುತ್ತಾರೆ. ನೀವು ಡ್ರಿಲ್ ಹಿಡಿದು ಓರೆ ಕೊರೆದ ಮೇಲೆ ಒಯ್ದರೆ ಅವರ ಕೈಯಲ್ಲೂ ಆಗುವುದಿಲ್ಲ.

ಟಾರ್ಕ್ ರೆಂಚ್ ಬೇಕೇ ಬೇಕಾ? ಕೈ ಅಂದಾಜು ಸಾಲದಾ?

ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಹೇಳಿದಷ್ಟೇ ಬಲಕ್ಕೆ ಅಳೆದು ಬಿಗಿಯುವ ಪಾನಾ. ಬಂಪರ್ ಬೋಲ್ಟಿಗೆ ಅಂದಾಜು ಸಾಕು. ಚಕ್ರ, ಬ್ರೇಕ್ ಕ್ಯಾಲಿಪರ್, ಸಸ್ಪೆನ್ಶನ್, ಸಿಲಿಂಡರ್ ಹೆಡ್, ಸ್ಪಾರ್ಕ್ ಪ್ಲಗ್ ಇವಕ್ಕೆ ಸಾಲದು. ಕಡಿಮೆ ಬಿಗಿದರೆ ಸಡಿಲವಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಬಿಗಿದರೆ ಬೋಲ್ಟ್ ಒಳಗೊಳಗೇ ಎಳೆದು ಸೋಲುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಪಂಚರ್ ಅಂಗಡಿಯಲ್ಲಿ ಇಂಪ್ಯಾಕ್ಟ್ ಗನ್‌ನಿಂದ ಟರ್‌ರ್ ಅಂತ ಬಿಗಿದ ಚಕ್ರದ ನಟ್ಟನ್ನು ರಾತ್ರಿ ಹೈವೇಯಲ್ಲಿ ಗಾಡಿಯ ಜೊತೆ ಬಂದ ಸಣ್ಣ ಪಾನಾದಿಂದ ಬಿಚ್ಚಿ ನೋಡಿ, ಗೊತ್ತಾಗುತ್ತದೆ.

ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್ ಒಂದೇ ಸಲ ಬಳಸುವಂಥವು. ಬಿಗಿಯುವಾಗಲೇ ಹಿಗ್ಗುವಂತೆ ಅವನ್ನು ಮಾಡಿರುತ್ತಾರೆ. ಮೊದಲು ಒಂದು ಟಾರ್ಕ್‌ಗೆ ಬಿಗಿದು, ಆಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಮ್ಯಾನುಯಲ್ ಹೇಳುತ್ತದೆ. ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಕೆಲಸದ ಬಿಲ್ಲಿನಲ್ಲಿ ಹೊಸ ಹೆಡ್ ಬೋಲ್ಟ್ ಕಾಣದಿದ್ದರೆ ಯಾಕೆ ಅಂತ ಕೇಳಿ.

ಚಕ್ರ ಬಿಚ್ಚಿ ಹಾಕಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ ಇನ್ನೊಮ್ಮೆ ನೋಡಿಸಿ.

ಲೋವರ್ ಆರ್ಮ್ ಬುಷ್ ಹಾಕಿಸಿದೆ. ಸ್ವಲ್ಪ ದಿನಕ್ಕೇ ಮತ್ತೆ ಕಟಕಟ. ಪಾರ್ಟ್ ಡೂಪ್ಲಿಕೇಟಾ?

ಇರಬಹುದು. ಆದರೆ ನಮ್ಮ ಅನುಮಾನ ಮೊದಲು ಹೋಗುವುದು ಹಾಕಿದ ರೀತಿಯ ಮೇಲೆ.

ಲೋವರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ಫ್ರೇಮಿಗೆ ಜೋಡಿಸುವ ಕೆಳಗಿನ ತೋಳು. ಅದರ ಬುಷ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ನಾಳ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ನಾಳ ಗಾಡಿಯ ಫ್ರೇಮಿಗೆ ಅಂಟಿ ನಿಲ್ಲುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ರಬ್ಬರ್ ಮಾತ್ರ ತಿರುಚಿ ವಾಪಸ್ ಬರುತ್ತದೆ. ಈಗ ಗಾಡಿ ಜಾಕಿಯ ಮೇಲಿದೆ, ಚಕ್ರ ಕೆಳಗೆ ಜೋತು ಬಿದ್ದಿದೆ ಅಂದುಕೊಳ್ಳಿ. ಅದೇ ಸ್ಥಿತಿಯಲ್ಲಿ ಬೋಲ್ಟ್ ಪೂರ್ತಿ ಬಿಗಿದರೆ? ಗಾಡಿ ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಸುಮ್ನೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಮೇಲೆ ಅದಿರು ಲಾರಿ ಓಡಿ ಹಳ್ಳ ಬಿದ್ದ ಸಂಡೂರು ರಸ್ತೆ. ಬೇಗ ಹರಿಯದೆ ಇನ್ನೇನಾಗುತ್ತದೆ?

ಸರಿಯಾದ ರೀತಿ ಹೀಗೆ: ಬೋಲ್ಟ್ ಹಾಕಿ ಕೈಯಲ್ಲಿ ಮಾತ್ರ ತಿರುಗಿಸಿ ಬಿಡಬೇಕು. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಪಿಟ್ ಒಳಗಿಂದ ಅಥವಾ ನಾಲ್ಕು ಚಕ್ರ ಊರುವ ರ‍್ಯಾಂಪ್ ಮೇಲೆ ಪೂರ್ತಿ ಬಿಗಿಯಬೇಕು. ಅದಿಲ್ಲದ ಕಡೆ ಆರ್ಮ್ ಕೆಳಗೆ ಇನ್ನೊಂದು ಜಾಕಿ ಕೊಟ್ಟು, ಗಾಡಿಯ ಭಾರ ಅದರ ಮೇಲೆ ಬರುವಷ್ಟು ಎತ್ತಿ ಬಿಗಿಯಬೇಕು. ಕೆಲಸ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಗ್ಯಾರೇಜಲ್ಲಿ ನಿಂತಿದ್ದರೆ ನೀವೇ ನೋಡಿ ಕೇಳಿ. ‘ಅಣ್ಣ, ಇಳಿಸಿ ಬಿಗಿತೀರಾ?’ ಅಂದರೆ ಸಾಕು, ಗಿರಾಕಿಗೆ ವಿಷಯ ಗೊತ್ತಿದೆ ಅಂತ ಅವರಿಗೂ ತಿಳಿಯುತ್ತದೆ.

ಬುಷ್ ಸರಿ ಇದ್ದೂ ಸದ್ದು ಬಂದರೆ ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸರಳಿಗೆ ಸೇರುವ ಸಣ್ಣ ಕಡ್ಡಿ) ನೋಡಿ. ಸಣ್ಣ ಗುಂಡಿಗೆ ಟಕ್ ಅನ್ನುವುದು ಹೆಚ್ಚಾಗಿ ಅದೇ. ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ ಅಂದರೆ ಶಾಕ್ ಮೇಲಿನ ಮೌಂಟ್ ಬೇರಿಂಗ್. ಪೂರ್ತಿ ತಿರುಗಿಸಿ ಗಾಡಿ ಹೊರಡಿಸುವಾಗ ಟಕಟಕಟಕ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಗದ್ದೆ ದಾರಿಯಲ್ಲಿ ಓಡಾಡುವವರು ಆ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆಯಾ ಅಂತ ಆಗಾಗ ನೋಡಿ. ಹರಿದ ಕೂಡಲೇ ಬೂಟ್ ಹಾಕಿಸಿದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಕೆಸರು ಒಳಗೆ ಹೋದ ಮೇಲೆ ಜಾಯಿಂಟೇ ಬದಲಿಸಬೇಕು.

ಸ್ಟೇರಿಂಗ್, ಸಸ್ಪೆನ್ಶನ್ ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ.

ಶಾಕ್ ಸ್ಪ್ರಿಂಗ್ ನಾನೇ ಬಿಚ್ಚಬಹುದಾ?

ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಬಿಟ್ಟುಕೊಂಡರೆ ಆಳು ಉಳಿಯುವುದಿಲ್ಲ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಕೊಡಿ. ಹಗ್ಗ, ತಂತಿ ಕಟ್ಟಿ ಬಿಚ್ಚುವವರ ಹತ್ತಿರವೂ ಹೋಗಬೇಡಿ.

ಚಕ್ರದ ಕಡೆಯಿಂದ ‘ಹೂಂ’ ಅಂತ ಸದ್ದು. ಟೈರಾ, ಬೇರಿಂಗಾ?

ವೇಗ ಏರಿದಂತೆ ಸದ್ದು ಏರುತ್ತದೆ, ಎರಡರಲ್ಲೂ. ನೇರ ರಸ್ತೆಯಲ್ಲಿ ಹೋಗುವಾಗ ಸ್ಟೇರಿಂಗ್ ಮೆಲ್ಲಗೆ ಎಡಕ್ಕೆ ಎಳೆದು ನೋಡಿ. ಆಗ ಭಾರ ಬಲಗಡೆಗೆ ವಾಲುತ್ತದೆ. ಸದ್ದು ಜಾಸ್ತಿ ಆದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ಎಳೆದಾಗ ಜಾಸ್ತಿ ಆದರೆ ಎಡಗಡೆಯದು. ಹೇಗೆ ಎಳೆದರೂ ಬದಲಾಗದಿದ್ದರೆ ಮೊದಲು ಟೈರ್ ನೋಡಿ.

ಬದಲಿಸುವಾಗ ಎರಡು ವಿಷಯ. ಬೇರಿಂಗನ್ನು ಪ್ರೆಸ್‌ನಲ್ಲಿ ಕೂರಿಸಬೇಕು, ಸುತ್ತಿಗೆಯಲ್ಲಿ ಹೊಡೆಯಬಾರದು. ಹೌಸಿಂಗ್ ಒಳಗೆ ಕೂರಿಸುವಾಗ ಒತ್ತಡ ಹೊರಗಿನ ಬಳೆಯ ಮೇಲೆ ಬೀಳಬೇಕು. ಒಳಗಿನ ಬಳೆ ಒತ್ತಿದರೆ ಗುಂಡುಗಳು ಬಳೆಯಲ್ಲಿ ಗುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಇನ್ನೊಂದು: ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಎಷ್ಟೋ ಗಾಡಿಗಳ ಬೇರಿಂಗಿಗೆ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಬರಬೇಕು. ಉಲ್ಟಾ ಹಾಕಿದರೆ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ಲೈಟ್ ಹತ್ತಿಕೊಂಡೇ ಇರುತ್ತದೆ, ಅದನ್ನು ನೋಡಿ ಸೆನ್ಸರ್ ಬದಲಿಸಲು ಹೊರಡುವವರೂ ಇದ್ದಾರೆ.

ಬ್ರೇಕ್ ಪ್ಯಾಡ್ ಮನೆಯಲ್ಲೇ ಹಾಕಿಕೊಳ್ಳಬಹುದಾ?

ಕೈಯಲ್ಲಿ ಸ್ವಲ್ಪ ಕೆಲಸ ಇದ್ದವರು ಹಾಕಬಹುದು. ಆದರೆ ಇವಿಷ್ಟು ಮರೆಯಬೇಡಿ. ಕ್ಯಾಲಿಪರನ್ನು ಹೋಸ್ ಮೇಲೆ ನೇತು ಬಿಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಸ್ಲೈಡ್ ಪಿನ್ ಎಳೆದು ಒರೆಸಿ, ಬ್ರೇಕಿಗೇ ಅಂತ ಸಿಗುವ ಗ್ರೀಸ್ ಹಚ್ಚಿ. ಧೂಳಲ್ಲಿ ಈ ಪಿನ್ ಒಣಗಿ ಹಿಡಿದುಕೊಳ್ಳುವುದರಿಂದಲೇ ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ಅರ್ಧ ಉಳಿಯುತ್ತದೆ. ಡಿಸ್ಕ್ ಎಷ್ಟು ತೆಳುವಾಗಬಹುದು ಅಂತ ಅದರ ಮೇಲೆಯೇ ಮಿಲಿಮೀಟರಿನಲ್ಲಿ ಒತ್ತಿರುತ್ತಾರೆ, ಅದಕ್ಕಿಂತ ಕಡಿಮೆ ಆಗಿದ್ದರೆ ಡಿಸ್ಕೂ ಬದಲಿಸಿ.

ಎಲ್ಲ ಮುಗಿದ ಮೇಲೆ ಗಾಡಿ ಅಲುಗಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಹೊಸ ಪ್ಯಾಡ್ ಕೂರಲೆಂದು ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ, ಮೊದಲೆರಡು ಸಲ ಪೆಡಲ್ ನೆಲ ಮುಟ್ಟುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದು ಗೋಡೆಗೆ ಗುದ್ದಿದ ಗಾಡಿಗಳನ್ನೂ ರಿಪೇರಿ ಮಾಡಿದ್ದೇವೆ.

ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಸುಳಬಹುದಾ?

ಇಲ್ಲ. ಜಾಕಿ ಇರುವುದು ಎತ್ತಲು. ಹೊತ್ತು ನಿಲ್ಲಲು ಜಾಕ್ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಮಳೆಗಾಲದಲ್ಲಿ ಎರೆ ಮಣ್ಣಿನ ಮೇಲೆ ಜಾಕಿ ಹಚ್ಚಿದರೆ ಅದು ಮಣ್ಣೊಳಗೆ ಇಳಿಯುತ್ತದೆ. ದಪ್ಪ ಹಲಗೆ ಕೊಟ್ಟು ಚಕ್ರ ಬದಲಿಸಿಕೊಳ್ಳಿ, ಕೆಳಗೆ ಮಾತ್ರ ಹೋಗಬೇಡಿ.

ಒರಿಜಿನಲ್, ಲೋಕಲ್, ಗುಜರಿ. ಯಾವುದು ತರಲಿ?

ಕಂಪನಿ ಡಬ್ಬಿಯಲ್ಲಿ ಬರುವ ಪಾರ್ಟ್‌ಗಳನ್ನು ಎಲ್ಲವನ್ನೂ ಕಾರ್ ಕಂಪನಿಯೇ ಮಾಡುವುದಿಲ್ಲ. ಬಾಷ್, ವ್ಯಾಲಿಯೊ, ಗೇಬ್ರಿಯಲ್, ರಾಣೆ, ಎಸ್‌ಕೆಎಫ್ ಥರದ ಕಂಪನಿಗಳು ಕಾರ್ ಕಂಪನಿಗಳಿಗೂ ಮಾಡಿ ಕೊಡುತ್ತವೆ, ತಮ್ಮ ಹೆಸರಲ್ಲೂ ಮಾರುತ್ತವೆ. ಅವರ ಡಬ್ಬಿ ತಂದರೆ ತಪ್ಪೇನಿಲ್ಲ. ಹೆಸರಿಲ್ಲದ ಲೋಕಲ್ ಪಾರ್ಟ್ ಬ್ರೇಕ್, ಸ್ಟೇರಿಂಗ್, ಬೆಲ್ಟ್, ಬೇರಿಂಗ್ ಇವಕ್ಕೆ ಬೇಡವೇ ಬೇಡ. ಬಾಗಿಲ ಹಿಡಿ, ಕನ್ನಡಿ, ಮಡ್ ಫ್ಲಾಪ್‌ಗೆ ನಡೆಯುತ್ತದೆ.

ಗುಜರಿ ಮಾಲಿನಲ್ಲಿ ಬಾಗಿಲು, ಡಿಕ್ಕಿ, ಲೈಟ್ ಒಳ್ಳೆಯವು ಸಿಗುತ್ತವೆ. ಸ್ಟಾರ್ಟರ್ ಮೋಟಾರನ್ನು ಬ್ಯಾಟರಿಗೆ ಹಚ್ಚಿ, ಆಲ್ಟರ್ನೇಟರನ್ನು ತಿರುಗಿಸಿ ಪರೀಕ್ಷೆ ಮಾಡಿಸಿ ತರಬಹುದು. ಏರ್‌ಬ್ಯಾಗ್, ಸೀಟ್ ಬೆಲ್ಟ್, ಸ್ಟೇರಿಂಗ್ ರ‍್ಯಾಕ್ ಗುಜರಿಯಿಂದ ತರಬೇಡಿ. ಬಿಲ್ ಇಲ್ಲದ ಎಂಜಿನ್ ಅಂತೂ ಕದ್ದ ಗಾಡಿಯದೂ ಇರಬಹುದು.

ಒಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಗಾಡಿ ಪಾರ್ಟ್‌ಗಳ ಜಿಎಸ್‌ಟಿ ಎಲ್ಲಕ್ಕೂ ಶೇ. 18 ಆಗಿದೆ. ಮೊದಲು ಎಷ್ಟೋ ಪಾರ್ಟ್‌ಗೆ ಶೇ. 28 ಇತ್ತು. ಹಳೆಯ ದರದ ಎಸ್ಟಿಮೇಟ್ ಕೊಟ್ಟರೆ ತೋರಿಸಿ ಕೇಳಿ.

ಪಾರ್ಟ್ ಬೆಂಗಳೂರಿನಿಂದ ಬರಬೇಕು ಅಂದರು. ಬಂದದ್ದು ಕೂರಲೇ ಇಲ್ಲ.

ಮಾಡೆಲ್ ಹೆಸರು ಮತ್ತು ವರ್ಷ ಹೇಳಿ ತರಿಸಿದರೆ ಹೀಗಾಗುತ್ತದೆ. ಒಂದೇ ವರ್ಷದಲ್ಲಿ ನಡುವೆ ಪಾರ್ಟ್ ಬದಲಾಗಿರುತ್ತದೆ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೆಯದರ ಫೋಟೋ ಕೂಡ ಕಳಿಸಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ಬಸ್ ಪಾರ್ಸಲ್ ಬೇಗ ಬರುತ್ತದೆ. ಆಗುವುದಾದರೆ ಪಾರ್ಟ್ ಕೈಗೆ ಬಂದ ಮೇಲೆಯೇ ಗಾಡಿ ಬಿಚ್ಚಿಸಿ. ಬಿಚ್ಚಿಟ್ಟ ಗಾಡಿ ವಾರಗಟ್ಟಲೆ ನಿಂತರೆ ನಟ್ಟು, ಕ್ಲಿಪ್ಪು ಕಳೆಯುವುದು ಗ್ಯಾರಂಟಿ.

ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿಯೇ ಇದೆ. ಯಾಕೆ ಬದಲಿಸಬೇಕು?

ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್ ಒಳಗಿನ ಪಿಸ್ಟನ್ ಮತ್ತು ವಾಲ್ವ್ ಒಂದೇ ತಾಳದಲ್ಲಿ ಓಡುವಂತೆ ಹಿಡಿದಿಡುವ ಬೆಲ್ಟ್. ಹೊರಗೆ ಚೆನ್ನಾಗಿ ಕಂಡ ಬೆಲ್ಟೂ ತುಂಡಾಗುತ್ತದೆ. ಮೊದಲು ನಿಮ್ಮದು ಬೆಲ್ಟಾ, ಚೈನಾ ಅಂತ ತಿಳಿದುಕೊಳ್ಳಿ. ಹಳೆಯ ಸ್ವಿಫ್ಟ್ 1.3 ಡೀಸೆಲ್‌ಗೆ ಚೈನ್, ಡಸ್ಟರ್ 1.5 ಡೀಸೆಲ್‌ಗೆ ಬೆಲ್ಟ್. ಬೆಲ್ಟ್ ಆದರೆ ಮ್ಯಾನುಯಲ್ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಬಿಸಿಲಿಗೆ ರಬ್ಬರ್ ಬೇಗ ಸಾಯುತ್ತದೆ. ಓಡುವಾಗ ತುಂಡಾದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಹೆಡ್ ಕೆಳಗಿಳಿಯಬೇಕು.

ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರ್, ಅದಕ್ಕೆ ದಾರಿ ಕೊಡುವ ಐಡ್ಲರ್ ಜೊತೆಗೇ ಬದಲಿಸಿ. ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುವ ಎಂಜಿನ್ ಆದರೆ ಪಂಪ್ ಕೂಡ. ಹಾಕಿದ ಮೇಲೆ ಕೀ ಹಚ್ಚುವ ಮುಂಚೆ ಕ್ರ್ಯಾಂಕನ್ನು ಪಾನಾದಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರೆದುರು ಬಂದವಾ ಅಂತ ನೋಡಬೇಕು. ಎಲ್ಲಾದರೂ ತಡೆದರೆ ಜೋರು ಮಾಡದೆ ನಿಲ್ಲಿಸಬೇಕು.

ಪ್ಯಾಕಿಂಗ್ ಬದಲು ಗಮ್ ಹಚ್ಚಿದರೆ ನಡೆಯಲ್ವಾ?

ಕಂಪನಿ ಗಮ್ ಹಚ್ಚಿದ ಜಾಗದಲ್ಲಿ ಮಾತ್ರ, ತೆಳ್ಳಗೆ. ಜಾಸ್ತಿ ಮೆತ್ತಿದರೆ ಒಳಗೆ ಹಿಂಡಿಕೊಂಡ ಗಮ್ ತುಂಡಾಗಿ ಆಯಿಲ್ ಸೋಸುವ ಸ್ಟ್ರೇನರ್‌ಗೆ ಹೋಗಿ ಕೂರುತ್ತದೆ. ಆಯಿಲ್ ಪ್ರೆಶರ್ ಬೀಳುತ್ತದೆ.

ಬ್ಯಾಟರಿ ವೈರ್ ಯಾವುದು ಮೊದಲು ತೆಗೆಯಬೇಕು?

ಮೈನಸ್ ಮೊದಲು ತೆಗೆಯಿರಿ, ಹಾಕುವಾಗ ಕೊನೆಗೆ ಹಾಕಿ. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಸ್ಟೇರಿಂಗ್ ಬಿಚ್ಚುವ ಕೆಲಸವಿದ್ದರೆ ಮೈನಸ್ ತೆಗೆದು ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಲೇಬೇಕು, ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಕರೆಂಟ್ ಉಳಿದಿರುತ್ತದೆ.

ಡಿಪಿಎಫ್, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದರೆ ಪಿಕಪ್ ಜಾಸ್ತಿ ಆಗುತ್ತಂತೆ?

ಡಿಪಿಎಫ್ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕನ್ವರ್ಟರ್ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ. ನಾವು ಎರಡನ್ನೂ ತೆಗೆಯುವುದಿಲ್ಲ. ಕಾನೂನಿಗೆ ವಿರುದ್ಧ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳಬಹುದು. ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳಿರುತ್ತವೆ. ‘ಫ್ರೀಯಾಗಿ ತೆಗೆದು ಕೊಡ್ತೀನಿ’ ಅನ್ನುವವರ ಲೆಕ್ಕ ಅದೇ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿ ಊರೊಳಗೆ ಮಾತ್ರ ಓಡಿಸಿದರೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಲೈಟ್ ಬಂದ ಕೂಡಲೇ ಬಳ್ಳಾರಿಯಿಂದ ಹೊಸಪೇಟೆವರೆಗೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಹೆಚ್ಚಾಗಿ ತಾನೇ ಸುಟ್ಟು ಸ್ವಚ್ಛವಾಗುತ್ತದೆ.

ಬೇರೆ ಎಂಜಿನ್ ಹಾಕಿಸಿದರೆ ಆರ್‌ಟಿಒಗೆ ಹೇಳಬೇಕಾ?

ಹೇಳಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಿಸಬೇಕು. ಕೆಎ-34 ಆದರೆ ಬಳ್ಳಾರಿ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ. ಹಾಕಿಸುವ ಮೊದಲೇ ಅಲ್ಲಿ ವಿಚಾರಿಸಿ, ಎಂಜಿನ್ ಬಿಲ್ ಇಟ್ಟುಕೊಳ್ಳಿ. ನಂಬರ್ ತಾಳೆಯಾಗದಿದ್ದರೆ ಇನ್ಶೂರೆನ್ಸ್ ಕ್ಲೇಮಿನಲ್ಲೂ ತಕರಾರು.

ಇನ್ಶೂರೆನ್ಸ್ ಇದ್ದರೂ ಯಾಕೆ ಅಷ್ಟು ಕೈಯಿಂದ ಹಾಕಬೇಕು?

ಸವೆದು ಹಾಳಾದದ್ದಕ್ಕೆ ಇನ್ಶೂರೆನ್ಸ್ ಇಲ್ಲ, ಕ್ಲಚ್ ಪ್ಲೇಟ್ ಅದಕ್ಕೇ ಬರುವುದಿಲ್ಲ. ಅಪಘಾತದಲ್ಲೂ ಸಾಮಾನ್ಯ ಪಾಲಿಸಿ ಪಾರ್ಟಿನ ಬೆಲೆ ಇಳಿಸಿ ಕೊಡುತ್ತದೆ. ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿ, ಟೈರ್‌ಗೆ ಶೇ. 50 ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಪಾರ್ಟ್‌ಗೆ ಗಾಡಿಯ ವಯಸ್ಸಿನ ಮೇಲೆ: 5ರಿಂದ 10 ವರ್ಷದ ಗಾಡಿಗೆ ಶೇ. 40, ಅದು ದಾಟಿದರೆ ಶೇ. 50. ಇದು ಬೇಡವೆಂದರೆ ಝೀರೋ ಡೆಪ್ ಪಾಲಿಸಿ ಮಾಡಿಸಬೇಕು.

ಹಳೆಯ ಪಾರ್ಟ್ ಕೇಳಿದರೆ ಮೆಕ್ಯಾನಿಕ್ ಬೇಜಾರಾಗ್ತಾರಾ?

ಆದರೆ ಆಗಲಿ, ಕೇಳಿ. ಗಾಡಿ ಬಿಡುವಾಗಲೇ ‘ಬಿಚ್ಚಿದ್ದೆಲ್ಲ ಡಿಕ್ಕಿಯಲ್ಲಿ ಇಡಿ’ ಅಂತ ಹೇಳಿಬಿಟ್ಟರೆ ಯಾರಿಗೂ ಬೇಜಾರಿಲ್ಲ. ಹಳೆಯದನ್ನು ವಾಪಸ್ ಕೊಟ್ಟು ಬೆಲೆ ಕಡಿಮೆ ಮಾಡುವ ಬ್ಯಾಟರಿಯಂಥವು ಮಾತ್ರ ಬೇರೆ. ಹಳೆಯ ಪಾರ್ಟ್ ನೋಡಿದರೆ ಅದು ಯಾಕೆ ಹೋಯಿತು ಅಂತಲೂ ತಿಳಿಯುತ್ತದೆ. ಕ್ಲಚ್ ಪ್ಲೇಟ್ ರಿವೆಟ್ ಕಾಣುವಷ್ಟು ಸವೆದಿದ್ದರೆ ಆಯುಷ್ಯ ಮುಗಿದಿತ್ತು. ದಪ್ಪ ಇದ್ದೂ ಆಯಿಲ್‌ನಿಂದ ಮಿರಮಿರ ಮಿಂಚುತ್ತಿದ್ದರೆ ಪ್ಲೇಟಿನ ತಪ್ಪಲ್ಲ, ಸೀಲಿನದು. ಪಾರ್ಟ್ ಬದಲಾಗಿ ಕಾರಣ ಹಾಗೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಿಲ್ಲಿನಲ್ಲಿ ಪಾರ್ಟ್ ನಂಬರ್, ಮಜೂರಿ ಬೇರೆ ಬೇರೆ ಬರೆಸಿಕೊಳ್ಳಿ. ಮಾತಿನಲ್ಲಿ ಬಗೆಹರಿಯದ ಜಗಳಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಮೊದಲು ಬೇಕಾಗುವುದು ಬಿಲ್ಲೇ.

ಇಳಿಸಿದ ಎಂಜಿನ್ ಆಯಿಲ್ ಕೊಡ್ತೀರಾ? ಮನೆ ಬಾಗಿಲಿಗೆ ಗೆದ್ದಲು ಹತ್ತಿದೆ.

ಹಳ್ಳಿಯಿಂದ ಬರುವವರು ಇದನ್ನು ಕೇಳದೆ ಹೋಗುವುದಿಲ್ಲ. ಕೊಡುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಓಡಿದ ಆಯಿಲ್‌ನಲ್ಲಿ ಲೋಹದ ಪುಡಿ, ಕ್ಯಾನ್ಸರ್ ತರುವಂಥ ರಾಸಾಯನಿಕ ಇರುತ್ತವೆ. ಮಕ್ಕಳು ಮುಟ್ಟುವ ಬಾಗಿಲಿಗೆ, ದನದ ಕೊಟ್ಟಿಗೆಗೆ ಅದನ್ನು ಬಳಿಯಬಾರದು, ಚರಂಡಿಗೂ ಸುರಿಯಬಾರದು. ನಾವು ಡ್ರಮ್ಮಲ್ಲಿ ಕೂಡಿಟ್ಟು, ಲೈಸೆನ್ಸ್ ಇರುವ ರೀಸೈಕ್ಲಿಂಗ್‌ನವರಿಗೆ ಕೊಡುತ್ತೇವೆ. ಗೆದ್ದಲಿಗೆ ಅಂಗಡಿಯಲ್ಲಿ ಬೇರೆ ಮದ್ದು ಸಿಗುತ್ತದೆ.